ಸಂಚಾರಗಣಿತದ ಆದ್ಯಪ್ರವರ್ತಕ ಆಗ್ನರ್ ಎರ್ಲಾಂಗ್

ಲೋಕದಲ್ಲಿ ಕೀರ್ತಿಯು ಹಲವು ಬಗೆಯಾಗಿ ಉಳಿಯುತ್ತದೆ. ಅರಸರ ಹೆಸರು ಶಾಸನಗಳಲ್ಲಿ, ಕವಿಗಳ ಹೆಸರು ಕಾವ್ಯಗಳಲ್ಲಿ, ದಾನಿಗಳ ಹೆಸರು ಕೆರೆಕಟ್ಟೆ ಛತ್ರಗಳಲ್ಲಿ ನಿಲ್ಲುತ್ತದೆ. ವಿಜ್ಞಾನಿಗಳಲ್ಲಿ ಕೆಲವೇ ಮಂದಿಗೆ ಮಾತ್ರ ಇನ್ನೊಂದು ತೆರನಾದ ಕೀರ್ತಿ ಲಭಿಸುತ್ತದೆ. ಅವರ ಹೆಸರೇ ಒಂದು ಅಳತೆಯಾಗಿಬಿಡುತ್ತದೆ. ವ್ಯಾಟ್, ಆಂಪೇರ್, ವೋಲ್ಟ್ ಎಂದು ನುಡಿಯುವ ವಿದ್ಯುತ್ ಕೆಲಸಗಾರನು ಮೂವರು ಮಹನೀಯರನ್ನು ತನಗರಿವಿಲ್ಲದೆಯೇ ದಿನವೂ ಸ್ಮರಿಸುತ್ತಾನೆ. ಹಾಗೆಯೇ ದೂರವಾಣಿಯ ತಂತಿಗಳ ಮೇಲೆ ಬೀಳುವ ಮಾತಿನ ಹೊರೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದು ಹೆಸರು. ಆ ಹೆಸರಿನ ಒಡೆಯರು ಡೆನ್ಮಾರ್ಕ್ ದೇಶದ ಆಗ್ನರ್ ಕ್ರಾರುಪ್ ಎರ್ಲಾಂಗ್. ಅವರು ಹಳ್ಳಿಯ ಶಾಲಾ ಉಪಾಧ್ಯಾಯರೊಬ್ಬರ ಮಗ. ತಾವೂ ಏಳು ವರ್ಷ ಶಾಲೆಗಳಲ್ಲಿ ಪಾಠ ಹೇಳಿದವರು. ಇಂದು ಜಗತ್ತನ್ನೆಲ್ಲ ಸುತ್ತಿಕೊಂಡಿರುವ ದತ್ತಾಂಶ ಜಾಲಗಳಲ್ಲಿ ಯಾರ ಸಂದೇಶ ಯಾವ ದಾರಿಯಲ್ಲಿ ಹೋಗಬೇಕು, ಯಾರು ಎಷ್ಟು ಹೊತ್ತು ಕಾಯಬೇಕು ಎಂದು ನಿರ್ಧರಿಸುವ ಶಾಸ್ತ್ರಕ್ಕೆ ಅಡಿಗಲ್ಲನ್ನು ಇಟ್ಟವರು ಅವರು. ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಎರ್ಲಾಂಗರು ಜನಿಸಿದ್ದು ೧೮೭೮ನೆಯ ಜನವರಿ ೧ರಂದು, ಜಟ್ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಎಂಬ ಗ್ರಾಮದಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಊರಿನ ಶಾಲೆಯ ಉಪಾಧ್ಯಾಯರು. ತಾಯಿ ಮಗ್ದಲೇನ ಕ್ರಾರುಪ್ ಧರ್ಮಬೋಧಕರ ಮನೆತನಕ್ಕೆ ಸೇರಿದವರು. ತ್ರಿಕೋನಮಿತಿಯಲ್ಲಿ ಟ್ಯಾಂಜೆಂಟ್, ಸೀಕೆಂಟ್ ಎಂಬ ಶಬ್ದಗಳನ್ನು ೧೫೮೩ರಲ್ಲಿ ಬಳಕೆಗೆ ತಂದ ಥಾಮಸ್ ಫಿಂಕೆ ಎಂಬ ಗಣಿತಜ್ಞರು ಆ ವಂಶದ ಪೂರ್ವಿಕರಲ್ಲೊಬ್ಬರು. ಮನೆಯಲ್ಲಿ ಅಣ್ಣ ಫ್ರೆಡೆರಿಕ್, ಇಬ್ಬರು ತಂಗಿಯರು. ಸಂಪತ್ತು ಹೇಳಿಕೊಳ್ಳುವಷ್ಟಿರಲಿಲ್ಲ, ಪುಸ್ತಕಗಳಿಗೆ ಮಾತ್ರ ಕೊರತೆಯಿರಲಿಲ್ಲ.

ಬಾಲ್ಯದ ಒಂದು ಸಂಗತಿಯನ್ನು ಅವರ ಚರಿತ್ರಕಾರರು ತಪ್ಪದೆ ಹೇಳುತ್ತಾರೆ. ಸಂಜೆಯ ಹೊತ್ತು ಅಣ್ಣನು ಪುಸ್ತಕವನ್ನು ಹಿಡಿದು ಓದುತ್ತಿದ್ದರೆ ತಮ್ಮನು ಎದುರಿಗೆ ಕುಳಿತು ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನು. ಒಂದು ಪುಸ್ತಕವನ್ನು ಇಬ್ಬರು ಹಂಚಿಕೊಳ್ಳಬೇಕಾದಾಗ ಈ ಹುಡುಗನು ಜಗಳವಾಡಲಿಲ್ಲ, ಸರದಿಗಾಗಿ ಕಾಯಲೂ ಇಲ್ಲ. ಹೊಸದೊಂದು ದಾರಿಯನ್ನು ಹುಡುಕಿಕೊಂಡನು. ಮುಂದೆ ಅವರು ಆಯುಷ್ಯವೆಲ್ಲ ಮಾಡಿದ್ದೂ ಇದನ್ನೇ: ಇರುವ ಸ್ವಲ್ಪವನ್ನು ಬೇಡುವ ಹಲವರಿಗೆ ಹೇಗೆ ಸಲ್ಲಿಸಬೇಕೆಂಬ ವಿಚಾರ. ಹುಡುಗನಿಗೆ ಬಹು ಪ್ರಿಯವಾದ ವಿಷಯ ಖಗೋಳಶಾಸ್ತ್ರ. ನಕ್ಷತ್ರಗಳನ್ನು ಕುರಿತು ಪದ್ಯಗಳನ್ನೂ ಕಟ್ಟುತ್ತಿದ್ದನು.

ತಂದೆಯ ಶಾಲೆಯಲ್ಲಿಯೇ ಪ್ರಾಥಮಿಕ ಶಿಕ್ಷಣ ನಡೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ರಾಜಧಾನಿ ಕೋಪನ್‌ಹೇಗನ್ನಿಗೆ ಹೋಗಿ ಒಂದು ಪರೀಕ್ಷೆಗೆ ಕುಳಿತರು. ವಯಸ್ಸು ಸಾಲದೆಂದು ವಿಶೇಷ ಅನುಮತಿ ಪಡೆಯಬೇಕಾಯಿತು. ಫಲಿತಾಂಶ ಬಂದಾಗ ಶ್ರೇಷ್ಠ ದರ್ಜೆಯಲ್ಲಿ ತೇರ್ಗಡೆಯಾಗಿದ್ದರು. ಅನಂತರ ಊರಿಗೆ ಮರಳಿ, ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಸಹಾಯಕ ಉಪಾಧ್ಯಾಯರಾಗಿ ದುಡಿದರು. ಜತೆಗೆ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತರು. ೧೮೯೬ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ವಿದ್ಯಾರ್ಥಿವೇತನದ ನೆರವಿನಿಂದ ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಗಣಿತವು ಮುಖ್ಯ ವಿಷಯ. ಖಗೋಳ, ಭೌತ, ರಸಾಯನಶಾಸ್ತ್ರಗಳು ಅದಕ್ಕೆ ಸಹಾಯಕ ವಿಷಯಗಳು. ೧೯೦೧ರಲ್ಲಿ ಎಂ.ಎ. ಪದವಿ ಕೈಸೇರಿತು.

ಪದವಿಯ ತರುವಾಯ ಏಳು ವರ್ಷಗಳ ಕಾಲ ಅವರು ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳಿದರು. ಸ್ವಭಾವದಿಂದ ಮಿತಭಾಷಿಗಳು, ಸಭೆ ಸಮಾರಂಭಗಳಲ್ಲಿ ಮುಂದೆ ಬರುವವರಲ್ಲ. ಆದರೆ ಶಾಲೆಯ ಗಂಟೆ ಮುಗಿದ ಮೇಲೆ ಅವರ ವ್ಯಾಸಂಗ ಮುಗಿಯುತ್ತಿರಲಿಲ್ಲ. ಹೈಗೆನ್ಸ್ ಎಂಬ ಪ್ರಾಚೀನ ವಿದ್ವಾಂಸರ ಗಣಿತಪದ್ಧತಿಯನ್ನು ಕುರಿತು ವಿಶ್ವವಿದ್ಯಾಲಯವು ಏರ್ಪಡಿಸಿದ್ದ ಬಹುಮಾನ ಪ್ರಶ್ನೆಗೆ ಅವರು ಬರೆದ ಪ್ರಬಂಧವು ೧೯೦೪ರಲ್ಲಿ ಗೌರವಕ್ಕೆ ಪಾತ್ರವಾಯಿತು. ಡೆನ್ಮಾರ್ಕಿನ ಗಣಿತಸಂಘದ ಸಭೆಗಳಿಗೂ ತಪ್ಪದೆ ಹೋಗುತ್ತಿದ್ದರು. ಉಪಾಧ್ಯಾಯನು ತಾನು ಓದುವುದನ್ನು ನಿಲ್ಲಿಸಬಾರದೆಂದು ನಾವು ಆಡುವ ಮಾತಿಗೆ ಇಂತಹ ಜೀವನಗಳೇ ಸಾಕ್ಷಿ. ಏಕೆಂದರೆ ಆ ಗಣಿತಸಂಘದ ಪರಿಚಯವೇ ಅವರ ಬಾಳಿನ ದಿಕ್ಕನ್ನು ಬದಲಿಸಿತು.

ಆ ಸಂಘದಲ್ಲಿ ಯೋಹಾನ್ ಯೆನ್ಸನ್ ಎಂಬವರಿದ್ದರು. ಗಣಿತದ ವಿದ್ಯಾರ್ಥಿಗಳು ಯೆನ್ಸನ್ನರ ಅಸಮತೆ ಎಂದು ಇಂದಿಗೂ ಓದುವ ಪ್ರಮೇಯ ಅವರದೇ. ವೃತ್ತಿಯಿಂದ ಅವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರು. ಕಂಪನಿಯ ನಿರ್ದೇಶಕ ಫ್ರಿಟ್ಸ್ ಯೋಹಾನ್ಸನ್ ಎಂಬವರು ಆ ಮೊದಲೇ ಕರೆಗಳ ದಟ್ಟಣೆಯನ್ನು ಲೆಕ್ಕಕ್ಕೆ ತರಬೇಕೆಂದು ಯೋಚಿಸುತ್ತಿದ್ದವರು. ಯೆನ್ಸನ್ನರು ಈ ಶಾಲಾ ಉಪಾಧ್ಯಾಯರನ್ನು ಅವರಿಗೆ ಪರಿಚಯಿಸಿದರು. ೧೯೦೮ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಎರ್ಲಾಂಗರು ಕಂಪನಿಯ ಸೇವೆಗೆ ಸೇರಿದರು. ಅಲ್ಲಿನ ಪ್ರಯೋಗಶಾಲೆಗೆ ಮುಖ್ಯಸ್ಥರಾದರು.

ಪ್ರಯೋಗಶಾಲೆಯೆಂದರೆ ದೊಡ್ಡ ಭವನವೆಂದೂ ಆಳುಕಾಳುಗಳೆಂದೂ ಭಾವಿಸಬೇಕಾಗಿಲ್ಲ. ಮೊದಲಿಗೆ ಅವರಿಗೆ ಸಿಬ್ಬಂದಿಯೇ ಇರಲಿಲ್ಲ. ನೆಲದಡಿಯ ಕೇಬಲ್ಲುಗಳಲ್ಲಿ ಸೋರುವ ವಿದ್ಯುತ್ತನ್ನು ಅಳೆಯುವ ಕೆಲಸ ಬಂದಾಗ ತಾವೇ ಬೀದಿಗಿಳಿದರು. ಏಣಿಯನ್ನು ಹೊತ್ತ ಕೆಲಸಗಾರನೊಬ್ಬನನ್ನು ಜತೆಗೆ ಕರೆದುಕೊಂಡು, ರಸ್ತೆಯ ಮಧ್ಯದ ಗುಂಡಿಗಳಲ್ಲಿ ಇಳಿದು ಅಳತೆ ಮಾಡುತ್ತಿದ್ದ ಈ ವಿದ್ವಾಂಸರನ್ನು ರಾಜಧಾನಿಯ ಜನರು ಆಗಾಗ ಕಾಣುತ್ತಿದ್ದರು. ಶಾಸ್ತ್ರಜ್ಞಾನವು ಕೈಗೆ ಮಣ್ಣಾಗುವುದನ್ನು ಕೀಳೆಂದು ಎಣಿಸಬಾರದೆಂಬುದನ್ನು ಅವರು ಉಪದೇಶಿಸಲಿಲ್ಲ, ನಡೆದು ತೋರಿಸಿದರು.

ಇನ್ನು ಅವರ ಮುಂದಿದ್ದ ಮುಖ್ಯ ಸಮಸ್ಯೆ. ಊರಿನಲ್ಲಿ ಸಾವಿರ ಮನೆಗಳಲ್ಲಿ ದೂರವಾಣಿಯಿದ್ದರೂ ಸಾವಿರ ಮಂದಿಯೂ ಒಮ್ಮೆಗೇ ಮಾತನಾಡುವುದಿಲ್ಲ. ಆದುದರಿಂದ ಒಂದು ವಿನಿಮಯ ಕೇಂದ್ರದಿಂದ ಇನ್ನೊಂದಕ್ಕೆ ಸಾವಿರ ತಂತಿಗಳನ್ನು ಎಳೆಯುವುದು ದುಂದು. ಹಾಗೆಂದು ಎರಡೋ ಮೂರೋ ತಂತಿಗಳನ್ನು ಎಳೆದರೆ ಕರೆಮಾಡಿದವರಲ್ಲಿ ಬಹುಮಂದಿ ನಿರಾಶರಾಗಿ ಹಿಂದಿರುಗುತ್ತಾರೆ. ಹಾಗಾದರೆ ಎಷ್ಟು ತಂತಿ ಬೇಕು? ಅದುವರೆಗೆ ಇದಕ್ಕೆ ಉತ್ತರವೆಂದರೆ ಬಹುಮಟ್ಟಿಗೆ ಅನುಭವದ ಅಂದಾಜು.

ಇದು ನಮಗೆ ಅಪರಿಚಿತವಾದ ಸಮಸ್ಯೆಯೇನಲ್ಲ. ಜಾತ್ರೆಯ ದಿನ ದಾಸೋಹದ ಉಸ್ತುವಾರಿ ಹೊತ್ತವರಿಗೆ ಇದು ಚೆನ್ನಾಗಿ ತಿಳಿದಿದೆ. ದಿನಕ್ಕೆ ಇಷ್ಟು ಸಾವಿರ ಜನ, ಆದುದರಿಂದ ಗಂಟೆಗೆ ಸರಾಸರಿ ಇಷ್ಟು ಜನ ಎಂದು ಲೆಕ್ಕ ಹಾಕಿ ಅಷ್ಟಕ್ಕೇ ಎಲೆ ಹಾಕಿಸಿದರೆ ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ನೂಕುನುಗ್ಗಲು, ಮೂರು ಗಂಟೆಗೆ ಬರಿದಾದ ಪಂಕ್ತಿ. ಜನರು ಸರಾಸರಿಯಂತೆ ಬರುವುದಿಲ್ಲ; ಒಮ್ಮೆ ಗುಂಪಾಗಿ ಬರುತ್ತಾರೆ, ಒಮ್ಮೆ ಯಾರೂ ಬರುವುದಿಲ್ಲ. ಅನುಭವಿಗಳಾದ ಹಿರಿಯರು ಇದನ್ನು ಕಣ್ಣಳತೆಯಿಂದ ನಿಭಾಯಿಸುತ್ತಾರೆ. ಎರ್ಲಾಂಗರ ಹಿರಿಮೆಯೆಂದರೆ ಈ ಕಣ್ಣಳತೆಯನ್ನು ಗಣಿತವಾಗಿ ಮಾಡಿದ್ದು.

೧೯೦೯ರಲ್ಲಿ ಅವರು ಸಂಭಾವ್ಯತೆಯ ಶಾಸ್ತ್ರ ಮತ್ತು ದೂರವಾಣಿ ಸಂಭಾಷಣೆಗಳನ್ನು ಕುರಿತ ತಮ್ಮ ಮೊದಲ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಅನೇಕರು ತಮತಮಗೆ ತೋರಿದ ಹೊತ್ತಿನಲ್ಲಿ ಕರೆ ಮಾಡುವಾಗ, ಆ ಅನಿಯತತೆಯಲ್ಲಿಯೂ ಒಂದು ನಿಯಮ ಅಡಗಿದೆಯೆಂದು ಅದರಲ್ಲಿ ತೋರಿಸಿದರು. ಹಿಂದಿನ ಶತಮಾನದ ಫ್ರೆಂಚ್ ಗಣಿತಜ್ಞ ಪ್ವಾಸೋನರ ಹೆಸರಿನ ನಿಯಮವೇ ಅದು. ಯಾವ ಕ್ಷಣದಲ್ಲಿ ಯಾರು ಕರೆಯುತ್ತಾರೆಂದು ಹೇಳಲಾಗದು. ಆದರೆ ಒಂದು ನಿಮಿಷದಲ್ಲಿ ಐದು ಕರೆಗಳು ಒಟ್ಟಿಗೆ ಬಂದು ಬೀಳುವ ಸಂಭವ ಎಷ್ಟೆಂದು ಖಚಿತವಾಗಿ ಹೇಳಬಹುದು.

೧೯೧೭ರಲ್ಲಿ ಅವರ ಅತಿ ಮುಖ್ಯ ಕೃತಿ ಹೊರಬಂದಿತು. ಅದರಲ್ಲಿ ಎರಡು ಸೂತ್ರಗಳಿವೆ. ತಂತಿಗಳೆಲ್ಲ ತುಂಬಿರುವಾಗ ಕರೆಯನ್ನು ತಿರಸ್ಕರಿಸುವ ವ್ಯವಸ್ಥೆಯಲ್ಲಿ ನೂರಕ್ಕೆ ಎಷ್ಟು ಕರೆಗಳು ನಷ್ಟವಾಗುತ್ತವೆ ಎಂಬುದನ್ನು ಒಂದು ಸೂತ್ರ ಹೇಳುತ್ತದೆ. ಕರೆಯನ್ನು ತಿರಸ್ಕರಿಸದೆ ಕಾಯಿಸುವ ವ್ಯವಸ್ಥೆಯಲ್ಲಿ ಎಷ್ಟು ಮಂದಿ ಕಾಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಇನ್ನೊಂದು ಹೇಳುತ್ತದೆ.

ಮೊದಲನೆಯದಕ್ಕೆ ಒಂದು ಉದಾಹರಣೆಯನ್ನು ನೋಡೋಣ. ಗಂಟೆಗೆ ೬೦ ಕರೆಗಳು. ಒಂದೊಂದೂ ಸರಾಸರಿ ೩ ನಿಮಿಷ. ಒಟ್ಟು ೧೮೦ ನಿಮಿಷಗಳ ಮಾತು, ಅಂದರೆ ೩ ಗಂಟೆ. ಒಂದು ಗಂಟೆಯ ಕಾಲದಲ್ಲಿ ೩ ಗಂಟೆಯ ಮಾತನ್ನು ಸಾಗಿಸಬೇಕಾದರೆ ೩ ತಂತಿ ಸಾಕೆಂದು ಸಾಮಾನ್ಯ ಲೆಕ್ಕ ಹೇಳುತ್ತದೆ. ಎರ್ಲಾಂಗರ ಸೂತ್ರ ಬೇರೆಯದನ್ನೇ ಹೇಳುತ್ತದೆ: ೩ ತಂತಿಗಳಿದ್ದರೆ ೧೦೦ ಕರೆಗಳಲ್ಲಿ ಸುಮಾರು ೩೫ ಕರೆಗಳು ವ್ಯರ್ಥವಾಗುತ್ತವೆ. ೫ ತಂತಿಗಳಿದ್ದರೆ ೧೧ ವ್ಯರ್ಥ. ೮ ತಂತಿಗಳನ್ನು ಎಳೆದಾಗ ಮಾತ್ರ ನಷ್ಟವು ನೂರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಸರಾಸರಿಯನ್ನು ನಂಬಿ ಕಟ್ಟಿದವನು ಮೂರರಲ್ಲಿ ಒಬ್ಬನಿಗೆ ಬಾಗಿಲು ಮುಚ್ಚುತ್ತಾನೆ. ತಾನು ಮುಚ್ಚಿದೆನೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಏಕೆಂದರೆ ಮಾತನಾಡಿದವರ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ, ಮಾತನಾಡಲಾಗದೆ ಹೋದವರ ಲೆಕ್ಕ ಸಿಗುವುದಿಲ್ಲ. ಹಿಂದಿರುಗಿದವರನ್ನೂ ಎಣಿಸಬೇಕೆಂಬುದೇ ಎರ್ಲಾಂಗರ ಗಣಿತದ ತಿರುಳು. ಸೇವೆಯ ಗುಣಮಟ್ಟವೆಂಬ ಮಾತಿಗೆ ನಿಷ್ಕೃಷ್ಟವಾದ ಅರ್ಥ ಬಂದದ್ದು ಇದರಿಂದ.

ಇದೇ ಸೂತ್ರದಿಂದ ಇನ್ನೊಂದು ಸ್ವಾರಸ್ಯ ಹೊರಡುತ್ತದೆ. ನಷ್ಟವು ನೂರಕ್ಕೆ ಒಂದನ್ನು ಮೀರಬಾರದೆಂದು ನಿಯಮ ಮಾಡಿಕೊಂಡರೆ ೧೦ ತಂತಿಗಳ ಒಂದು ಗುಂಪು ಸುಮಾರು ನಾಲ್ಕೂವರೆ ಗಂಟೆಯ ಮಾತನ್ನು ಒಂದು ಗಂಟೆಯಲ್ಲಿ ಹೊರಬಲ್ಲದು. ಅಂತಹ ಎರಡು ಗುಂಪುಗಳು ಬೇರೆ ಬೇರೆಯಾಗಿದ್ದರೆ ಒಟ್ಟು ೯. ಆ ಇಪ್ಪತ್ತನ್ನೂ ಒಂದೇ ಗುಂಪಾಗಿ ಕೂಡಿಸಿದರೆ ೧೨. ತಂತಿಯ ಸಂಖ್ಯೆ ಅಷ್ಟೇ. ಕೂಡಿದ್ದರಿಂದಲೇ ಮೂರನೆಯ ಒಂದು ಪಾಲು ಹೆಚ್ಚು ಸೇವೆ. ಒಬ್ಬರ ಬಿಡುವು ಇನ್ನೊಬ್ಬರ ಅಗತ್ಯಕ್ಕೆ ಒದಗುವುದೇ ಇದಕ್ಕೆ ಕಾರಣ. ಕೂಡಿ ಬಾಳಿದರೆ ಸ್ವರ್ಗಸುಖವೆಂಬ ನಾಣ್ಣುಡಿಗೆ ಗಣಿತವೇ ಸಾಕ್ಷಿ ಹೇಳಿದಂತಾಯಿತು.

ಕಾಯುವಿಕೆಯ ಸೂತ್ರವೂ ಅಷ್ಟೇ ಬೋಧಪ್ರದವಾದುದು. ಊರಿನ ಹಿಟ್ಟಿನ ಗಿರಣಿಯನ್ನು ಭಾವಿಸಿಕೊಳ್ಳಿ. ಬರುವವರ ಹೊತ್ತಿಗೂ ಅವರ ಮೂಟೆಯ ಗಾತ್ರಕ್ಕೂ ನಿಯಮವಿಲ್ಲ. ಗಿರಣಿಯು ದಿನದ ಅರ್ಧ ಕಾಲ ಮಾತ್ರ ದುಡಿಯುತ್ತಿದ್ದರೆ, ಬಂದವನು ಸರಾಸರಿ ಒಂದು ಮೂಟೆ ಬೀಸುವಷ್ಟು ಹೊತ್ತು ಕಾಯುತ್ತಾನೆ. ಹತ್ತರಲ್ಲಿ ಎಂಟು ಪಾಲು ದುಡಿದರೆ ನಾಲ್ಕು ಮೂಟೆಯ ಹೊತ್ತು. ಹತ್ತರಲ್ಲಿ ಒಂಬತ್ತಾದರೆ ಒಂಬತ್ತು ಮೂಟೆ. ಇಪ್ಪತ್ತರಲ್ಲಿ ಹತ್ತೊಂಬತ್ತಾದರೆ ಹತ್ತೊಂಬತ್ತು ಮೂಟೆಯ ಹೊತ್ತು. ಯಂತ್ರವು ಒಂದು ಕ್ಷಣವೂ ಸುಮ್ಮನಿರಬಾರದೆಂದು ಹಟ ಹಿಡಿದರೆ ಸಾಲು ಕೊನೆಯಿಲ್ಲದೆ ಬೆಳೆಯುತ್ತದೆ. ಬಿಡುವೆಲ್ಲವೂ ವ್ಯರ್ಥವೆಂದು ಬಗೆಯುವ ಆಡಳಿತಗಾರರು ಇದನ್ನು ಗಮನಿಸಬೇಕು. ಸ್ವಲ್ಪ ಬಿಡುವು ಇರುವುದರಿಂದಲೇ ಬಂದವನ ಆದರ ಸಾಧ್ಯವಾಗುತ್ತದೆ.

ಎರ್ಲಾಂಗರು ತಮ್ಮ ಮುಖ್ಯ ಪ್ರಬಂಧಗಳನ್ನು ಮೊದಲು ಬರೆದದ್ದು ತಮ್ಮ ಮಾತೃಭಾಷೆಯಾದ ಡೇನಿಷಿನಲ್ಲಿ. ಅದು ಕನ್ನಡಕ್ಕಿಂತ ಎಷ್ಟೋ ಕಡಿಮೆ ಜನರು ಆಡುವ ಭಾಷೆ. ೧೯೧೭ರ ಪ್ರಬಂಧವು ಮರುವರ್ಷವೇ ಇಂಗ್ಲಿಷಿಗೆ ಪರಿವರ್ತನೆಯಾಯಿತು. ಬ್ರಿಟಿಷ್ ಅಂಚೆ ಇಲಾಖೆಯು ಅವರ ಸೂತ್ರವನ್ನು ಸ್ವೀಕರಿಸಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯ ಸಂಶೋಧಕರೊಬ್ಬರು ಇವರ ಬರಹಗಳನ್ನು ಮೂಲದಲ್ಲಿ ಓದಲೆಂದೇ ಡೇನಿಷ್ ಕಲಿತರೆಂದು ಹೇಳುತ್ತಾರೆ. ತಾಯ್ನುಡಿಯಲ್ಲಿ ಶಾಸ್ತ್ರವನ್ನು ಬರೆದರೆ ಓದುವವರಾರು ಎಂಬ ಸಂಶಯವನ್ನು ನಮ್ಮವರು ಆಗಾಗ ಎತ್ತುವುದುಂಟು. ಹೇಳುವ ವಿಷಯದಲ್ಲಿ ಸತ್ತ್ವವಿದ್ದರೆ ಲೋಕವೇ ಆ ಭಾಷೆಯ ಬಾಗಿಲಿಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಾಗಿಲ್ಲ.

ವ್ಯಕ್ತಿಯಾಗಿ ಎರ್ಲಾಂಗರು ಸರಳರು, ಸೌಮ್ಯರು, ಏಕಾಂತಪ್ರಿಯರು. ವಿವಾಹವಾಗಲಿಲ್ಲ. ಗಳಿಸಿದ ಹಣದಲ್ಲಿ ಬಹುಭಾಗವನ್ನು ಗಣಿತ, ಖಗೋಳ, ಭೌತಶಾಸ್ತ್ರಗಳ ಪುಸ್ತಕಗಳಿಗೆ ವೆಚ್ಚ ಮಾಡಿ ದೊಡ್ಡದೊಂದು ಗ್ರಂಥಭಂಡಾರವನ್ನು ಕೂಡಿಹಾಕಿದರು. ಕಷ್ಟದಲ್ಲಿದ್ದ ಬಡಬಗ್ಗರು ಅವರ ಪ್ರಯೋಗಶಾಲೆಯ ಬಾಗಿಲಿಗೇ ನೆರವು ಕೇಳಿಕೊಂಡು ಬರುತ್ತಿದ್ದರು. ಅವರು ಯಾರಿಗೂ ತಿಳಿಯದಂತೆ ಕೈಲಾದುದನ್ನು ಕೊಟ್ಟು ಕಳುಹಿಸುತ್ತಿದ್ದರು. ಕಂಪನಿಯಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದರೂ ಅನಾರೋಗ್ಯದ ಕಾರಣದಿಂದ ಒಂದು ದಿನವೂ ರಜೆ ಪಡೆಯಲಿಲ್ಲವೆಂದು ಅವರ ಚರಿತ್ರೆಯಲ್ಲಿ ಹೇಳಿದೆ. ೧೯೨೯ರ ಜನವರಿಯಲ್ಲಿ ಮೊದಲ ಬಾರಿಗೆ ಕಾಯಿಲೆ ಬಿದ್ದು ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದರು. ಅದೇ ಫೆಬ್ರವರಿ ೩ರಂದು ಕಾಲವಶರಾದರು. ಆಗ ಅವರಿಗೆ ಐವತ್ತೊಂದು ವರ್ಷ ವಯಸ್ಸು.

ಅವರು ಕಣ್ಮುಚ್ಚಿದ ಹದಿನೇಳು ವರ್ಷಗಳ ಬಳಿಕ, ೧೯೪೬ರಲ್ಲಿ, ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ಮಾತಿನ ಹೊರೆಯ ಮಾನಕ್ಕೆ ಎರ್ಲಾಂಗ್ ಎಂದು ಹೆಸರಿಟ್ಟಿತು. ಒಂದು ತಂತಿಯು ಒಂದು ಗಂಟೆಯ ಕಾಲ ಬಿಡುವಿಲ್ಲದೆ ತುಂಬಿದ್ದರೆ ಅದು ಒಂದು ಎರ್ಲಾಂಗ್. ಮೇಲಿನ ಉದಾಹರಣೆಯ ಹೊರೆ ಮೂರು ಎರ್ಲಾಂಗ್. ೧೯೪೮ರಲ್ಲಿ ಅವರ ಜೀವನ ಮತ್ತು ಕೃತಿಗಳನ್ನು ಒಳಗೊಂಡ ಸಂಪುಟವೊಂದನ್ನು ಅವರ ಕಂಪನಿಯೇ ಪ್ರಕಟಿಸಿತು.

ಅದೇ ೧೯೪೮ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಥಾಪಿತವಾಯಿತು. ದೂರವಾಣಿನಗರವೆಂಬ ಬಡಾವಣೆಯೇ ಅದರಿಂದ ಹುಟ್ಟಿತು. ಅಮೆರಿಕದ ಸ್ಟ್ರೌಜರ್ ಎಂಬವರು ೧೮೯೧ರಲ್ಲಿ ಪೇಟೆಂಟ್ ಪಡೆದ ಪದ್ಧತಿಯ ಸ್ವಯಂಚಾಲಿತ ವಿನಿಮಯ ಯಂತ್ರಗಳು ಅಲ್ಲಿ ತಯಾರಾದುವು. ಅಂತಹ ಯಂತ್ರದಲ್ಲಿ ಎಷ್ಟು ಕೊಂಡಿಗಳಿರಬೇಕೆಂಬ ಲೆಕ್ಕವೇ ಎರ್ಲಾಂಗರ ಗಣಿತದ ಕ್ಷೇತ್ರ. ೧೯೮೬ರಲ್ಲಿ ಸಿ-ಡಾಟ್ ಸಂಸ್ಥೆಯು ಗ್ರಾಮಗಳಿಗೆಂದು ರೂಪಿಸಿದ ೧೨೮ ಸಂಪರ್ಕಗಳ ಸಣ್ಣ ವಿನಿಮಯ ಕೇಂದ್ರವು ಮೊಟ್ಟಮೊದಲು ನೆಲೆಗೊಂಡದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹಳ್ಳಿಯ ಶಾಲೆಯ ಹುಡುಗನು ಕಟ್ಟಿದ ಶಾಸ್ತ್ರವು ಕನ್ನಡನಾಡಿನ ಹಳ್ಳಿಗಳ ಸೇವೆಗೆ ಹೀಗೆ ಒದಗಿತು.

ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಾದವರಿಗೆ ಟ್ರಂಕ್ ಕಾಲಿನ ದಿನಗಳು ನೆನಪಿರಬಹುದು. ಹೆಸರು ಬರೆಯಿಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಸಾಧಾರಣ ಕರೆ, ಅರ್ಜೆಂಟ್ ಕರೆ, ಲೈಟ್ನಿಂಗ್ ಕರೆ ಎಂದು ದರ್ಜೆಗಳಿದ್ದುವು. ಲೈಟ್ನಿಂಗ್ ಕರೆಗೆ ಸಾಧಾರಣದ ಎಂಟು ಪಟ್ಟು ಶುಲ್ಕ. ಮೇಲಿನ ದರ್ಜೆಯವರು ಬಂದರೆ ಕೆಳಗಿನವರು ಇನ್ನಷ್ಟು ಕಾಯಬೇಕು. ಹೊರೆಯು ದಾರಿಯ ಅಳವನ್ನು ಮೀರಿದಾಗ ಯಾರನ್ನು ಮೊದಲು ಬಿಡಬೇಕೆಂಬ ಈ ಪ್ರಶ್ನೆ ಅಂದಿಗೇ ಮುಗಿಯಲಿಲ್ಲ. ಇಂದಿನ ದತ್ತಾಂಶ ಜಾಲಗಳಲ್ಲಿ ಅದು ಇನ್ನೂ ದೊಡ್ಡದಾಗಿ ಬೆಳೆದಿದೆ.

ದೂರವಾಣಿಯಲ್ಲಿ ಮಾತು ಮುಗಿಯುವವರೆಗೆ ಒಂದು ದಾರಿ ಇಬ್ಬರಿಗೇ ಮೀಸಲು. ೧೯೬೯ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಪಾನೆಟ್ ಎಂಬ ಗಣಕಜಾಲದಲ್ಲಿ ಈ ಪದ್ಧತಿಯನ್ನು ಬಿಟ್ಟರು. ಸಂದೇಶವನ್ನು ಪ್ಯಾಕೆಟ್ಟುಗಳೆಂಬ ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು, ಎಲ್ಲರ ಪೊಟ್ಟಣಗಳನ್ನೂ ಒಂದೇ ದಾರಿಯಲ್ಲಿ ಬೆರೆಸಿ ಕಳುಹಿಸಿದರು. ಕವಲುದಾರಿಗಳಲ್ಲಿ ರೌಟರ್ ಎಂಬ ಯಂತ್ರಗಳು ಕುಳಿತು ವಿಳಾಸ ನೋಡಿ ಮುಂದಕ್ಕೆ ಸಾಗಿಸುತ್ತವೆ. ದಾರಿ ತುಂಬಿದ್ದರೆ ಪೊಟ್ಟಣವು ಸಾಲಿನಲ್ಲಿ ನಿಲ್ಲುತ್ತದೆ. ಸಾಲೂ ತುಂಬಿದರೆ ಬಿದ್ದುಹೋಗುತ್ತದೆ. ಕಾಯುವುದು ಮತ್ತು ನಷ್ಟವಾಗುವುದು ಎಂಬ ಎರ್ಲಾಂಗರ ಎರಡು ಪ್ರಕರಣಗಳೂ ಇಲ್ಲಿ ಒಂದೆಡೆ ಸೇರಿದುವು. ಇಂತಹ ಜಾಲಗಳಿಗೆ ಸರದಿಯ ಗಣಿತವನ್ನು ಅನ್ವಯಿಸಿ ಲಿಯೊನಾರ್ಡ್ ಕ್ಲೈನ್‌ರಾಕ್ ಎಂಬ ವಿದ್ವಾಂಸರು ೧೯೬೪ರಲ್ಲಿಯೇ ಗ್ರಂಥ ಬರೆದಿದ್ದರು.

ದಾರಿಯ ಆಯ್ಕೆ ಹೇಗೆ? ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ದಾರಿಯನ್ನು ಕಂಡುಹಿಡಿಯುವ ಸುಲಭ ಕ್ರಮವನ್ನು ಹಾಲೆಂಡಿನ ಡೈಕ್‌ಸ್ಟ್ರಾ ೧೯೫೯ರಲ್ಲಿ ಪ್ರಕಟಿಸಿದರು. ಆದರೆ ಹತ್ತಿರದ ದಾರಿಯೇ ಯಾವಾಗಲೂ ಒಳ್ಳೆಯ ದಾರಿಯಲ್ಲ. ಸಂಕ್ರಾಂತಿಯ ವೇಳೆಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುವ ಬಂಡಿಗಳೆಲ್ಲವೂ ಹತ್ತಿರವೆಂದು ಒಂದೇ ರಸ್ತೆಗೆ ನುಗ್ಗಿದರೆ ಯಾರೂ ಮುಂದೆ ಸಾಗುವುದಿಲ್ಲ. ಕೆಲವರು ಸುತ್ತುದಾರಿ ಹಿಡಿದರೆ ಎಲ್ಲರೂ ಬೇಗ ತಲಪುತ್ತಾರೆ. ಕಾವೇರಿಯ ಪ್ರವಾಹಕ್ಕೆ ತುತ್ತಾದ ಹಳೆಯ ಎಡತೊರೆಯವರಿಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೃಷ್ಣರಾಜನಗರವನ್ನು ನಕ್ಷೆ ಬರೆದು ನಿರ್ಮಿಸಿದಾಗ, ಮುಂದೆ ಬರಲಿರುವ ಜನರನ್ನೂ ಬಂಡಿಗಳನ್ನೂ ಮೊದಲೇ ನೆನೆದು ಬೀದಿಗಳನ್ನು ಯೋಜಿಸಬೇಕಾಯಿತು. ಜಾಲದ ಎಂಜಿನಿಯರರು ಮಾಡುವುದೂ ಇದನ್ನೇ. ಪ್ರತಿಯೊಂದು ಕೊಂಡಿಯ ಮೇಲಿನ ಹೊರೆಯನ್ನು ಅಳೆದು, ತುಂಬಿದ ದಾರಿಯಿಂದ ಬಿಡುವಾದ ದಾರಿಗೆ ತಿರುಗಿಸುತ್ತಾರೆ. ಇದಕ್ಕೆ ಸಂಚಾರ ಯೋಜನೆಯೆಂದು ಹೆಸರು. ಅದರ ಮೇಲೆ ಇನ್ನೊಂದು ವಿವೇಕವೂ ಬೇಕು. ಮಾತಿನ ಪೊಟ್ಟಣವು ಕ್ಷಣ ತಡವಾದರೂ ಕೆಡುತ್ತದೆ. ಕಾಗದದ ಪೊಟ್ಟಣವು ನಿಮಿಷ ತಡವಾದರೂ ಕೆಡುವುದಿಲ್ಲ. ಆದುದರಿಂದ ೧೯೯೦ರ ದಶಕದಲ್ಲಿ, ಪೊಟ್ಟಣಗಳಿಗೆ ದರ್ಜೆಯ ಗುರುತು ಹಾಕಿ ಅವುಗಳ ಅಗತ್ಯಕ್ಕೆ ತಕ್ಕ ಉಪಚಾರ ನೀಡುವ ಪದ್ಧತಿ ಅಂತರಜಾಲದಲ್ಲಿ ರೂಪುಗೊಂಡಿತು.

ಮಿತಿಮೀರಿದರೆ ಏನಾಗುತ್ತದೆ ಎಂಬುದು ೧೯೮೬ನೆಯ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕಂಡುಬಂದಿತು. ಕೆಲವೇ ನೂರು ಗಜ ದೂರದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಷ್ಟಿದ್ದ ಸಾಗಣೆ ಇದ್ದಕ್ಕಿದ್ದಂತೆ ೪೦ ಬಿಟ್ಟಿಗೆ ಕುಸಿಯಿತು. ಕಳೆದುಹೋದ ಪೊಟ್ಟಣಗಳನ್ನು ಎಲ್ಲ ಗಣಕಗಳೂ ಆತುರದಿಂದ ಮತ್ತೆ ಮತ್ತೆ ಕಳುಹಿಸಿದ್ದರಿಂದ ದಾರಿ ಇನ್ನಷ್ಟು ಕಟ್ಟಿಕೊಂಡಿತು. ೧೯೮೮ರಲ್ಲಿ ವ್ಯಾನ್ ಜೇಕಬ್‌ಸನ್ ಎಂಬವರು ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ಪೊಟ್ಟಣ ಕಳೆದುಹೋಯಿತೆಂದು ತಿಳಿದೊಡನೆ ಕಳುಹಿಸುವವನು ತಾನಾಗಿಯೇ ವೇಗ ತಗ್ಗಿಸಬೇಕು, ಅನಂತರ ಮೆಲ್ಲಮೆಲ್ಲನೆ ಏರಿಸಬೇಕು. ಕಾವಲುಗಾರನಿಲ್ಲದ ಅಷ್ಟು ದೊಡ್ಡ ಜಾಲವು ಇಂದಿಗೂ ನಿಂತಿರುವುದು ಬಹುಮಟ್ಟಿಗೆ ಇಂತಹ ಸಂಯಮದ ಮೇಲೆ.

ಎರ್ಲಾಂಗರ ಸೂತ್ರಗಳಿಗೂ ಎಲ್ಲೆಯಿದೆ. ಜನರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕರೆಯುತ್ತಾರೆಂಬುದು ಅವರ ಗ್ರಹಿಕೆ. ಗಣಕಗಳು ಹಾಗೆ ನಡೆದುಕೊಳ್ಳುವುದಿಲ್ಲವೆಂದೂ ಅವುಗಳ ಸಂಚಾರವು ಮಳೆಯಂತೆ ರಭಸರಭಸವಾಗಿ ಬರುತ್ತದೆಂದೂ ೧೯೯೦ರ ದಶಕದ ಸಂಶೋಧನೆಗಳು ತೋರಿಸಿದುವು. ಆಗ ಹೊಸ ಗಣಿತ ಬೇಕಾಯಿತು. ಆದರೂ ಪ್ರಶ್ನೆಯನ್ನು ಕೇಳುವ ಕ್ರಮ ಎರ್ಲಾಂಗರದೇ ಆಗಿ ಉಳಿದಿದೆ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ದೂರವಾಣಿ ಯಂತ್ರಗಳಿಗಾಗಿ ಹುಟ್ಟಿದ ಒಂದು ಗಣಕಭಾಷೆಗೂ ಎರ್ಲಾಂಗ್ ಎಂದೇ ಹೆಸರು. ನಮ್ಮ ಹಳ್ಳಿಹಳ್ಳಿಗೂ ಬಂದಿರುವ ವಾಟ್ಸಾಪ್ ಅದೇ ಭಾಷೆಯ ಆಧಾರದ ಮೇಲೆ ನಿರ್ಮಿತವಾದುದು.

ಕೊನೆಯದಾಗಿ ಒಂದು ಮಾತನ್ನು ಹೇಳಬೇಕು. ನೂರಕ್ಕೆ ಎಷ್ಟು ಮಂದಿ ಹಿಂದಿರುಗುತ್ತಾರೆಂದು ಸೂತ್ರವು ಹೇಳುತ್ತದೆ. ಹಿಂದಿರುಗುವವರು ಯಾರಾಗಿರಬೇಕೆಂದು ಅದು ಹೇಳುವುದಿಲ್ಲ. ಕಾವೇರಿಯ ನಾಲೆಗಳ ನೀರುಣ್ಣುವ ನಮ್ಮ ಸೀಮೆಯ ರೈತರಿಗೆ ಈ ಭೇದ ಚೆನ್ನಾಗಿ ಗೊತ್ತು. ನಾಲೆಯಲ್ಲಿ ನೀರೆಷ್ಟಿದೆ ಎಂಬುದು ಅಳತೆಯ ಮಾತು. ತಲೆಯ ಗದ್ದೆಗೆ ಎಷ್ಟು, ಕೊನೆಯ ಗದ್ದೆಗೆ ಎಷ್ಟು ಎಂಬುದು ನ್ಯಾಯದ ಮಾತು. ಹಿಂದಿನ ಕಾಲದಲ್ಲಿ ಗುದ್ದಲಿ ಹಿಡಿದು ತೂಬಿನ ಬಳಿ ನಿಲ್ಲುತ್ತಿದ್ದ ನೀರುಗಂಟಿಯು ಅಳತೆಯನ್ನೂ ಬಲ್ಲವನು, ನ್ಯಾಯಕ್ಕೂ ಹೊಣೆಯಾದವನು. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೬ರ ಫೆಬ್ರವರಿಯಲ್ಲಿ, ನೋಡುವ ವಿಷಯ ಯಾವುದೆಂಬುದನ್ನು ಅನುಸರಿಸಿ ದತ್ತಾಂಶಕ್ಕೆ ಬೇರೆ ಬೇರೆ ದರ ವಿಧಿಸಬಾರದೆಂದು ನಿಯಮ ಮಾಡಿದಾಗ ನಡೆದದ್ದು ಇಂತಹ ನ್ಯಾಯವಿಚಾರವೇ. ೨೦೨೦ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಜಾಲದ ಮೂಲಕ ನಡೆದಾಗ, ನಮ್ಮ ನಾಡಿನ ಎಷ್ಟೋ ಮಕ್ಕಳು ಸಂಕೇತವನ್ನು ಹುಡುಕಿಕೊಂಡು ಗುಡ್ಡ ಹತ್ತಿದರು. ಅವರು ಕೊನೆಯ ಗದ್ದೆಯವರು. ಜಾಲವು ಸರಾಸರಿಯಾಗಿ ಚೆನ್ನಾಗಿದೆಯೆಂಬ ಮಾತಿನಿಂದ ಆ ಮಕ್ಕಳಿಗೆ ಪಾಠ ಕೇಳಿಸಲಿಲ್ಲ.

ಬಡ ಉಪಾಧ್ಯಾಯರ ಮನೆಯಲ್ಲಿ ಹುಟ್ಟಿ, ಒಂದು ಪುಸ್ತಕವನ್ನು ಅಣ್ಣನೊಡನೆ ಹಂಚಿಕೊಂಡು ಓದಿ, ಬಾಗಿಲಿಗೆ ಬಂದ ಬಡವರನ್ನು ಬರಿಗೈಯಲ್ಲಿ ಕಳುಹಿಸದೆ ಬಾಳಿದ ಎರ್ಲಾಂಗರು ತಮ್ಮ ಗಣಿತದಲ್ಲಿಯೂ ಬರಿಗೈಯಲ್ಲಿ ಹಿಂದಿರುಗಿದವರನ್ನು ಮರೆಯಲಿಲ್ಲ. ಶಾಲೆಯನ್ನು ಕಟ್ಟುವವರೂ ನಡೆಸುವವರೂ ಒಳಗೆ ಕುಳಿತ ಮಕ್ಕಳನ್ನು ಎಣಿಸುವಂತೆಯೇ ಬಾಗಿಲಿನವರೆಗೆ ಬಂದು ಹಿಂದಿರುಗಿದ ಮಕ್ಕಳನ್ನೂ ಎಣಿಸುವುದಾದರೆ, ಈ ದೂರದೇಶದ ಉಪಾಧ್ಯಾಯರ ಸ್ಮರಣೆ ನಮ್ಮಲ್ಲಿ ಸಾರ್ಥಕವಾಗುತ್ತದೆ.